ತಟ್ಟೆಯ ಮುಂದೆ ಹೆದರಿ ಕೂತವರು

ಎರಡನೇ ಮಹಾಯುದ್ಧ ಮುಗಿಯುತ್ತ ಬಂದಾಗ ಯುರೋಪಿನ ಉದ್ದಗಲಕ್ಕೂ ಜನ ಹಸಿವಿನಿಂದ ಬಳಲಿ ಬೆಂಡಾಗಿದ್ದರು. ಅಂಥವರನ್ನು ಊಟ ಕೊಟ್ಟು ಚೇತರಿಸಿಕೊಳ್ಳುವಂತೆ ಮಾಡುವುದು ಹೇಗೆಂದು ತಿಳಿಯಲು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ವಿಜ್ಞಾನಿ ಆನ್ಸೆಲ್ ಕೀಸ್ 1944ರ ನವೆಂಬರಿನಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿದರು. ಆತ್ಮಸಾಕ್ಷಿಗೆ ವಿರುದ್ಧವೆಂದು ಬಂದೂಕು ಹಿಡಿಯಲು ಒಪ್ಪದ 36 ತರುಣರು ತಾವಾಗಿಯೇ ಮುಂದೆ ಬಂದರು. ಎಲ್ಲರೂ ಗಟ್ಟಿಮುಟ್ಟಾದವರು, ಮನಸ್ಸಿನಲ್ಲೂ ಸ್ಥಿಮಿತವಿದ್ದವರು. ಮೊದಲ ಮೂರು ತಿಂಗಳು ಅವರಿಗೆ ಹೊಟ್ಟೆ ತುಂಬ ಊಟ. ಆಮೇಲಿನ ಆರು ತಿಂಗಳು ಅದರ ಅರ್ಧ, ಅಂದರೆ ದಿನಕ್ಕೆ ಸುಮಾರು 1,570 ಕ್ಯಾಲೊರಿ. ಆಲೂಗೆಡ್ಡೆ, ಬ್ರೆಡ್, ಮ್ಯಾಕರೋನಿ, ಇಂಥವು. ಜೊತೆಗೆ ವಾರಕ್ಕೆ 35 ಕಿಲೋಮೀಟರ್ ನಡಿಗೆ. ದೇಹದ ತೂಕ ಹೆಚ್ಚುಕಡಿಮೆ ಕಾಲುಭಾಗ ಇಳಿಯಿತು.

ತೂಕ ಇಳಿಯುವುದು ನಿರೀಕ್ಷಿತವೇ ಆಗಿತ್ತು. ಆದರೆ ಆ ಹುಡುಗರ ಮನಸ್ಸಿಗೆ ಏನಾಯಿತು ಎಂಬುದನ್ನು ಓದಿದಾಗಲೆಲ್ಲ ನನ್ನ ಕರುಳು ಚುರ್ ಎನ್ನುತ್ತದೆ. ಅವರಿಗೆ ಓದು, ಗೆಳೆತನ, ಪ್ರೀತಿ ಯಾವುದೂ ಬೇಡವಾಯಿತು. ಹಗಲೆಲ್ಲ ಊಟದ್ದೇ ಮಾತು, ರಾತ್ರಿ ಊಟದ್ದೇ ಕನಸು. ಅಡುಗೆ ಪುಸ್ತಕಗಳನ್ನು ಕೂಡಿಹಾಕಿ ಕಾದಂಬರಿ ಓದಿದ ಹಾಗೆ ಓದಿದರು. ಸಿಕ್ಕ ಸ್ವಲ್ಪವನ್ನೇ ಗಂಟೆಗಟ್ಟಲೆ ತಿಂದರು, ತಟ್ಟೆ ನೆಕ್ಕಿದರು. ಪ್ರಯೋಗ ಮುಗಿದು ಬೇಕಾದಷ್ಟು ತಿನ್ನಲು ಬಿಟ್ಟಾಗ ಕೆಲವರಿಗೆ ಹೊಟ್ಟೆ ಬಿರಿಯುವಷ್ಟು ಉಂಡರೂ ಸಾಕೆನ್ನಿಸಲಿಲ್ಲ. ಕಳೆದುಕೊಂಡದ್ದಕ್ಕಿಂತ ಹೆಚ್ಚು ಕೊಬ್ಬು ಮೈಗೆ ಬಂತು. ಕೀಸ್ ಮತ್ತು ಸಂಗಡಿಗರು ಇದನ್ನೆಲ್ಲ 1950ರಲ್ಲಿ ಎರಡು ದಪ್ಪ ಸಂಪುಟಗಳಲ್ಲಿ ಪ್ರಕಟಿಸಿದರು.

ಇವತ್ತು ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ಹೋಗುವ ಡಯಟ್ ಚಾರ್ಟುಗಳಲ್ಲಿ 1,200 ಕ್ಯಾಲೊರಿಯದ್ದು ಬಹಳ ಜನಪ್ರಿಯ. ಮಿನೆಸೋಟದ ಹುಡುಗರು ಮೊದಲೇ ತೆಳ್ಳಗಿದ್ದವರು, ಗಂಡಸರು, ದಿನವೂ ದೂರ ನಡೆಯುತ್ತಿದ್ದವರು. ಅವರ ಲೆಕ್ಕವನ್ನು ಬೊಜ್ಜಿರುವವರಿಗೆ ಹಾಗೆಯೇ ಅನ್ವಯಿಸಲಾಗದು, ಒಪ್ಪುತ್ತೇನೆ. ಆದರೂ ಆ ಚಾರ್ಟು ಹಿಡಿದು ಎರಡು ವಾರ ಅರೆಹೊಟ್ಟೆಯಲ್ಲಿದ್ದು, ಮೂರನೇ ವಾರ ರಾತ್ರಿ ಹನ್ನೊಂದಕ್ಕೆ ಎದ್ದು ಡಬ್ಬಿಯಲ್ಲಿದ್ದ ಚಕ್ಕುಲಿಯನ್ನೆಲ್ಲ ತಿಂದು ಮುಗಿಸಿದ ಹೆಣ್ಣುಮಗಳು ‘ನಂಗೆ ನಾಲಿಗೆ ಚಪಲ ಜಾಸ್ತಿ, ಮನಸ್ಸು ಗಟ್ಟಿಯಿಲ್ಲ’ ಎಂದು ಅಳುವುದಿದೆಯಲ್ಲ, ಅವಳಿಗೆ ಈ 36 ಜನರ ಕತೆ ಹೇಳಬೇಕು. ದೇಶವೆಲ್ಲ ಯುದ್ಧ ಎನ್ನುತ್ತಿದ್ದಾಗ ತಾವು ಕೊಲ್ಲುವುದಿಲ್ಲ ಎಂದು ನಿಂತವರು ಅವರು. ಅವರಿಗಿಂತ ಗಟ್ಟಿ ಮನಸ್ಸು ಎಲ್ಲಿಂದ ತರೋಣ? ಹಸಿದ ದೇಹ ಊಟವನ್ನು ಬೇಡುತ್ತದೆ, ಬೇಡಬೇಕಾದದ್ದೇ ಅದರ ಧರ್ಮ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹಾಗೆಂದು ತೂಕದ ಚಿಂತೆಯೇ ಬೇಡ ಎಂದು ನಾನು ಹೇಳಲಾರೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ ತಮ್ಮದೇ ಜೋಡಿ ಚಿತ್ರವನ್ನು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಎತ್ತರಕ್ಕೆ ತೂಕವನ್ನು ಹೋಲಿಸುವ ಬಿಎಂಐ ಇಬ್ಬರದೂ ಒಂದೇ, 22.3. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ತೆಳ್ಳಗೆ ಕಾಣುವ ನಮ್ಮವರ ಹೊಟ್ಟೆಯೊಳಗೂ ಕೊಬ್ಬು ಅಡಗಿರುತ್ತದೆ. ಅದಕ್ಕೇ ನಮ್ಮಲ್ಲಿ ಬಿಎಂಐ 23 ದಾಟಿದರೆ ಎಚ್ಚರ ಎನ್ನುತ್ತಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು ಎನ್ನುತ್ತಾರೆ. ಸಕ್ಕರೆ ಕಾಯಿಲೆ, ಮಂಡಿನೋವು, ಹೃದಯದ ತೊಂದರೆ ಇವೆಲ್ಲ ನಿಜ.

ಆದರೆ ನಮ್ಮ ಮನೆಗಳಲ್ಲಿ ತೂಕ ಏರುವ ಬಗೆ ಚಾರ್ಟಿಗೆ ಸಿಗುವಂಥದ್ದಲ್ಲ. ಮದುವೆ ಮನೆಯಲ್ಲಿ ಎಲೆಗೆ ಕೈ ಅಡ್ಡ ಹಿಡಿದರೂ ‘ಒಂದೇ ಒಂದು ಹೋಳಿಗೆ, ನಮಗೋಸ್ಕರ’ ಎಂದು ಬೆರಳ ಸಂದಿಯಲ್ಲೇ ಜಾರಿಸಿಬಿಡುತ್ತಾರೆ. ಬೇಡ ಎಂದರೆ ಅವರಿಗೆ ಬೇಜಾರು, ತಿಂದರೆ ನಮಗೆ ಅಪರಾಧಿ ಭಾವ. ಇನ್ನು ಗೃಹಿಣಿಯ ಪಾಡು. ಎಲ್ಲರಿಗೂ ಬಡಿಸಿ, ಮಗುವಿನ ತಟ್ಟೆಯಲ್ಲಿ ಉಳಿದ ಎರಡು ತುತ್ತು ಬಾಯಿಗೆ ಹಾಕಿಕೊಂಡು, ಮೂರು ಗಂಟೆಗೆ ಒಬ್ಬಳೇ ಕೂತು ಪಾತ್ರೆಯ ತಳದ ಅನ್ನವನ್ನು ಚೆಲ್ಲಲು ಮನಸ್ಸಾಗದೆ ಅದಕ್ಕೆ ಸಾರು ಕಲಸಿ ಉಣ್ಣುತ್ತಾಳೆ. ಅಷ್ಟು ಹೊತ್ತಿಗೆ ಪಲ್ಯ, ಹುಳಿಯಲ್ಲಿದ್ದ ತರಕಾರಿ ಎಲ್ಲ ಖಾಲಿಯಾಗಿರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ತಟ್ಟೆಯ ಅರ್ಧ ತರಕಾರಿ, ಹಣ್ಣು ಇರಲಿ ಎನ್ನುತ್ತದೆ. ಕೊನೆಗೆ ಉಣ್ಣುವವಳ ತಟ್ಟೆಯಲ್ಲಿ ಅದು ಎಲ್ಲಿಂದ ಬರಬೇಕು? ಅವಳಿಗೆ ‘ಅನ್ನ ಬಿಡು’ ಎನ್ನುವ ಬದಲು ಎಲ್ಲರೊಂದಿಗೆ ಕೂರಿಸಿ, ಅವಳ ಪಾಲಿನ ಪಲ್ಯ, ಕೋಸಂಬರಿಯನ್ನು ಅವಳಿಗೆ ಮೊದಲು ಬಡಿಸಿದರೆ ಅನ್ನ ತಾನಾಗಿಯೇ ಕಡಿಮೆಯಾದೀತು. ಮುದ್ದೆಯೋ ರೊಟ್ಟಿಯೋ ಅನ್ನವೋ, ಹುಟ್ಟಿದಂದಿನಿಂದ ಉಂಡದ್ದನ್ನು ಯಾರೂ ವೈರಿಯೆಂದು ನೋಡಬೇಕಾಗಿಲ್ಲ. ಮೊದಲಿನಷ್ಟು ಮೈಮುರಿದು ದುಡಿಯುವವರು ಕಡಿಮೆಯಾದ್ದರಿಂದ ಅಳತೆ ಸ್ವಲ್ಪ ಇಳಿಯಬೇಕು, ಅಷ್ಟೆ.

ಇನ್ನೊಂದು ನನ್ನನ್ನು ಬಹಳ ಕಾಡುತ್ತದೆ. ಹದಿನಾಲ್ಕರ ಹುಡುಗಿಯನ್ನು ಹಬ್ಬದ ದಿನ ಹತ್ತು ಜನರೆದುರು ‘ಅಯ್ಯೋ, ಎಷ್ಟು ದಪ್ಪ ಆಗ್ಬಿಟ್ಟಿದೀಯೇ’ ಎನ್ನುವ ದೊಡ್ಡಮ್ಮನಿಗೆ ಅದು ಅಕ್ಕರೆಯ ಮಾತು. ಆ ಮಗು ಮಾತ್ರ ಅಂದಿನಿಂದ ಎಲ್ಲರೆದುರು ತಿನ್ನುವುದನ್ನೇ ಬಿಟ್ಟು ಕದ್ದು ತಿನ್ನತೊಡಗುತ್ತದೆ. ಕೆಲವು ಮಕ್ಕಳು ಉಂಡದ್ದನ್ನು ಬಚ್ಚಲಿಗೆ ಹೋಗಿ ಬೇಕೆಂದೇ ಕಕ್ಕುತ್ತಾರೆ. ಇದು ಹಟವೂ ಅಲ್ಲ, ಫ್ಯಾಷನ್ನೂ ಅಲ್ಲ, ಚಿಕಿತ್ಸೆ ಬೇಕಾದ ಕಾಯಿಲೆ. ಅಂಥ ಸುಳಿವು ಕಂಡರೆ ಬೈಯದೆ ವೈದ್ಯರ ಹತ್ತಿರ ಕರೆದೊಯ್ಯಬೇಕು. ಮೊದಲು ಮಾತಾಡಲು ಯಾರಾದರೂ ಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ತಕ್ಕಡಿಯ ಮುಳ್ಳು ಕದಲಲಿಲ್ಲವೆಂದು ಕೈಚೆಲ್ಲುವವರಿಗೆ ಚೆನ್ನೈನ ಒಂದು ಅಧ್ಯಯನ ಧೈರ್ಯ ಕೊಡಬಲ್ಲದು. ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಸಕ್ಕರೆ, ಎಣ್ಣೆ ಮಿತವಾಗಿಸಿ, ದಿನಾ ಅರ್ಧ ಗಂಟೆ ನಡೆಯಿರಿ ಎಂಬಂಥ ಸಲಹೆ ಪಡೆದು ಪಾಲಿಸಿದವರಲ್ಲಿ, ಮಾಮೂಲಿನಂತೆ ಇದ್ದವರಿಗೆ ಹೋಲಿಸಿದರೆ, ಕಾಯಿಲೆಗೆ ಜಾರುವ ಅಪಾಯ ಶೇ 28.5ರಷ್ಟು ತಗ್ಗಿತ್ತು. ಅವರ ತೂಕವೇನೂ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತೂಕ ನಿಂತಲ್ಲೇ ನಿಂತಾಗಲೂ ಒಳಗೆ ದೇಹ ಸುಧಾರಿಸುತ್ತಿತ್ತು.

‘ಹತ್ತು ಕೆಜಿ ಇಳಿಸಿ, ಮೂರು ತಿಂಗಳು ಬಿಟ್ಟು ಬನ್ನಿ’ ಎಂದು ಚೀಟಿ ಬರೆಯುವ ವೈದ್ಯರಲ್ಲಿ ನನ್ನದೊಂದು ಕೋರಿಕೆ. ಹೊರಗೆ ಎಷ್ಟು ಜನ ಕಾಯುತ್ತಿರುತ್ತಾರೆಂದು ಬಲ್ಲೆ. ಆದರೂ ಎದುರಿಗೆ ಕೂತ ಹೆಂಗಸನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವ ಮೊದಲು ಕೇಳಿ: ಮನೆಯಲ್ಲಿ ನೀವು ಎಷ್ಟು ಹೊತ್ತಿಗೆ ಉಣ್ಣುತ್ತೀರಿ, ಯಾರ ಜೊತೆ ಕೂತು ಉಣ್ಣುತ್ತೀರಿ, ನಿಮ್ಮ ಪಾಲಿಗೆ ಏನು ಉಳಿದಿರುತ್ತದೆ?