ಮನುಷ್ಯರ ಮನೆಗೂ ಒಂದು ದಾಖಲೆ ಬೇಡವೇ?

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಉತ್ತರಕ್ಕಿರುವ ಜಿನನಾಥಪುರದ ಹುಟ್ಟು ನಮಗೆ ಗೊತ್ತಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ 12ನೇ ಶತಮಾನದ ಆರಂಭದಲ್ಲಿ ಈ ಊರನ್ನು ನೆಲೆಗೊಳಿಸಿದ. ಇಲ್ಲಿನ ಶಾಂತಿನಾಥ ಬಸದಿಯನ್ನು 1200ರ ಸುಮಾರಿಗೆ ರೇಚಿಮಯ್ಯನೆಂಬ ದಂಡನಾಯಕ ಕಟ್ಟಿಸಿ, ಸಾಗರನಂದಿ ಸಿದ್ಧಾಂತದೇವರಿಗೆ ಒಪ್ಪಿಸಿದನೆಂಬುದಕ್ಕೆ ಶಾಸನದ ಆಧಾರವಿದೆ. ಎಂಟು ಶತಮಾನಗಳ ಹಿಂದಿನ ಬಸದಿಯ ಬಗ್ಗೆ ಇಷ್ಟು ತಿಳಿದಿರುವ ನಾವು, ಇಂತಹ ಊರುಗಳಲ್ಲಿ ಕೇವಲ ನೂರು ವರ್ಷಗಳ ಹಿಂದೆ ಕಟ್ಟಿದ ಮನೆಯೊಂದರ ಬಗ್ಗೆ ಏನು ಹೇಳಬಲ್ಲೆವು? ದೇವರ ಮನೆಗೆ ಶಾಸನವಿದೆ, ಮನುಷ್ಯರ ಮನೆಗಿಲ್ಲ.

ಶಾಸನಗಳನ್ನು ಹುಡುಕುವಲ್ಲಿ ನಮ್ಮವರು ತೋರಿದ ಶ್ರದ್ಧೆ ಸಾಮಾನ್ಯವಾದುದಲ್ಲ. ಬಿ.ಎಲ್. ರೈಸ್ 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ ಅವರ 1923ರ ಪರಿಷ್ಕರಣದಲ್ಲಿ ಆ ಸಂಖ್ಯೆ 500ಕ್ಕೆ ಏರಿತು. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಆವೃತ್ತಿಯಲ್ಲಿ 573 ಶಾಸನಗಳಿವೆ. 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳನ್ನು ತಿರುವಿದರೆ, ಇಂಥವರ ಮನೆಯ ಮುಂದಿನ ಕಲ್ಲು, ಇಂಥ ಶ್ಯಾನುಭೋಗರ ವಶದಲ್ಲಿರುವ ತಾಮ್ರಪಟ ಎಂಬ ಬಗೆಯ ಶೀರ್ಷಿಕೆಗಳು ಎದುರಾಗುತ್ತವೆ. ಕಲ್ಲಿನ ವಿಳಾಸ ಹೇಳಲು ಮಾತ್ರ ಅಲ್ಲಿ ಮನೆ ಬೇಕಾಯಿತು. ಕಲ್ಲಿನ ಅಕ್ಷರಗಳು ಅಚ್ಚಾದವು, ಮನೆಯ ಕಥೆ ಹೊಸ್ತಿಲಲ್ಲೇ ಉಳಿಯಿತು.

ಸರ್ಕಾರಿ ದಾಖಲೆಗಳಲ್ಲೂ ಇದೇ ಸ್ಥಿತಿ. ಮೈಸೂರು ಸಂಸ್ಥಾನದಲ್ಲಿ 1860ರ ದಶಕದಲ್ಲಿ ಆರಂಭವಾದ ಕಂದಾಯ ಸರ್ವೆ ಹೊಲಗದ್ದೆಗಳಿಗೆ ನಂಬರು ಕೊಟ್ಟಿತು. ಕಂದಾಯ ಬರುವುದು ಬೆಳೆಯುವ ನೆಲದಿಂದ. ಆದ್ದರಿಂದ ಗ್ರಾಮಠಾಣದೊಳಗಿನ ಮನೆಗಳಿಗೆ ಅಂತಹ ವಿವರವಾದ ನಕ್ಷೆ ಬೇಕೆನಿಸಲಿಲ್ಲ. ಆ ಕೊರತೆಯನ್ನು ತುಂಬಲು ಕೇಂದ್ರ ಸರ್ಕಾರ 2020ರ ಏಪ್ರಿಲ್ 24ರಂದು 'ಸ್ವಾಮಿತ್ವ' ಯೋಜನೆಯನ್ನು ಆರಂಭಿಸಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಡ್ರೋನ್ ಮೇಲಿನಿಂದ ಚಿತ್ರ ತೆಗೆಯುತ್ತದೆ, ಗಡಿ ಗುರುತಾಗುತ್ತದೆ, ಮಾಲೀಕರಿಗೆ ಆಸ್ತಿ ಕಾರ್ಡು ಸಿಗುತ್ತದೆ. ಇದು ಸ್ವಾಗತಾರ್ಹ. ಆದರೆ ಹಕ್ಕು ಖಚಿತವಾದ ಮೇಲೆ ಪಾಲು, ಸಾಲ, ಹೊಸ ಕಟ್ಟಡಗಳು ಒಂದರ ಹಿಂದೆ ಒಂದು ಬರುವುದು ಸಹಜ. ಹಳೆಯ ಮನೆಗಳ ಪಾಲಿಗೆ ಇದು ಕೊನೆಯ ಅಳತೆಯೂ ಆಗಬಹುದು.

ಮನೆಯೊಂದರ ಕಾಲವನ್ನು ತಿಳಿಯುವುದು ಅಸಾಧ್ಯವೇನಲ್ಲ, ಎಚ್ಚರವಂತೂ ಬೇಕು. ಹಳೆಯ ಪತ್ರದಲ್ಲೋ ಬಾಗಿಲವಾಡದಲ್ಲೋ 'ಪ್ರಭವ ಸಂವತ್ಸರ' ಎಂದಷ್ಟೇ ಇದ್ದರೆ ಅದು 1867-68 ಆಗಿರಬಹುದು, 1927-28ಕ್ಕೂ ಸಲ್ಲಬಹುದು. ಮಂಗಳೂರು ಹೆಂಚಿನ ಮೇಲೆ 1865 ಎಂದು ಅಚ್ಚಾಗಿದ್ದರೆ ಅದು ಬಾಸೆಲ್ ಮಿಷನ್ನಿನ ಕಾರ್ಖಾನೆ ಆರಂಭವಾದ ವರ್ಷವೇ ಹೊರತು ಮನೆ ಕಟ್ಟಿದ ವರ್ಷವಲ್ಲ. ನಾಡಹೆಂಚು ತೆಗೆದು ಮಂಗಳೂರು ಹೆಂಚು ಹೊದಿಸಿದ ಮನೆಯ ಗೋಡೆ ಮಾಡಿಗಿಂತ ಎಷ್ಟೋ ಹಳೆಯದಿರಬಹುದು. ಉಪನೋಂದಣಾಧಿಕಾರಿ ಕಚೇರಿಯ ಕೈಬರಹದ ಪುಸ್ತಕಗಳು, ಪಂಚಾಯಿತಿಯ ಕಂದಾಯದ ಲೆಕ್ಕ, ಹಿರಿಯರ ನೆನಪು ಇವನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗಲೇ ನಿಜ ಹೊರಬರುತ್ತದೆ.

ಗ್ರಾಮಾಧಿಕಾರಿಗಳ ವಂಶಪಾರಂಪರ್ಯದ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದವು. ಹಳೆಯ ಲೆಕ್ಕಪತ್ರಗಳಲ್ಲಿ ಒಂದು ಪಾಲು ಮನೆಗಳ ಅಟ್ಟದಲ್ಲೇ ಉಳಿಯಿತು. ಹುಣಸೆ ಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಕಡತದ ಮೇಲೆ ಬಳಪದಲ್ಲಿ ಬರೆದದ್ದು ಸೋರುವ ಮಾಡಿನ ಕೆಳಗೆ ಎಷ್ಟು ದಿನ ಉಳಿದೀತು?

ಇನ್ನು ಮನೆಯ ಚರಿತ್ರೆ ಎಂದರೆ ವಂಶದ ಹೆಗ್ಗಳಿಕೆಯೇ ಆಗಬೇಕಿಲ್ಲ. ಯಾರು ಜಗಲಿಯಲ್ಲೇ ನಿಲ್ಲಬೇಕಿತ್ತು, ಯಾರು ನಡುಮನೆಗೆ ಬರಬಹುದಿತ್ತು, ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವಳು ಯಾವ ಕೋಣೆಯಲ್ಲಿ ಆಯುಷ್ಯ ಸವೆಸಿದಳು, ಯಾವ ಸಾಲಕ್ಕೆ ಮನೆ ಭೋಗ್ಯಕ್ಕೆ ಹೋಯಿತು, ತೊಟ್ಟಿಯ ನಡುವೆ ಗೋಡೆ ಎದ್ದದ್ದೇಕೆ? ಇವೂ ನಾಡಿನ ಚರಿತ್ರೆಯೇ. ಗೋಡೆ ಎತ್ತಿದ ಕೈಗಳ ಹೆಸರು ಯಾವ ಪತ್ರದಲ್ಲೂ ಸಿಗುವುದು ಅಪರೂಪ. ಕೇಳಿ ಬರೆದುಕೊಂಡರೆ ಮಾತ್ರ ಉಂಟು.

ಹಳ್ಳಿಯ ಜನ ಇಂತಹ ವಿಚಾರಣೆಗೆ ಹಿಂಜರಿಯುವುದಕ್ಕೆ ಕಾರಣವಿದೆ. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ ಎಂದು 2010ರ ತಿದ್ದುಪಡಿ ವಿಧಿಸಿದೆ. ದುರಸ್ತಿಗೂ ಅನುಮತಿ ಬೇಡಬೇಕಾದವರಿಗೆ 'ಪರಂಪರೆ' ಎಂಬ ಮಾತು ಕಿವಿಗೆ ಇಂಪಾಗುವುದು ಹೇಗೆ? ಪಾಲಿನ ತಕರಾರು ಮತ್ತೆ ಏಳೀತೆಂಬ ಭಯ ಬೇರೆ. ಆದ್ದರಿಂದ ದಾಖಲಿಸುವುದು ಬೇರೆ, ಸಂರಕ್ಷಿಸುವುದು ಬೇರೆ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ಮಳೆಗೆ ಸೋರುವ ಮನೆಯಲ್ಲೇ ಬಾಳಿರೆಂದು ಹೇಳುವ ಅಧಿಕಾರ ಪೇಟೆಯಲ್ಲಿ ಕುಳಿತವರಿಗಿಲ್ಲ. ಮನೆಯವರು ಒಪ್ಪಿದಷ್ಟನ್ನು ಮಾತ್ರ ಬರೆಯಬೇಕು.

ಹೆಸರಾಂತರ ಮನೆಗಳಿಗೆ ಹೇಗೋ ರಕ್ಷಣೆ ಸಿಗುತ್ತದೆ. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ತೊಡಗಿದಾಗ ಕೂಗೆದ್ದಿತು; 2016ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಅನಾಮಧೇಯರ ಮನೆ ಉರುಳಿದರೆ ಕೂಗುವವರಿಲ್ಲ. ಅದಕ್ಕೆ ವಸ್ತುಸಂಗ್ರಹಾಲಯ ಬೇಡ, ಒಂದು ಹಾಳೆ ಸಾಕು. ಆಸ್ತಿ ಕಾರ್ಡು ಕೊಡುವ ಸಂದರ್ಭದಲ್ಲೇ ಗ್ರಾಮ ಪಂಚಾಯಿತಿಗಳು ಸಮೀಪದ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳ ನೆರವು ಪಡೆಯಲಿ. ಮನೆಯ ಒಳನಕ್ಷೆ, ನಾಲ್ಕು ಛಾಯಾಚಿತ್ರ, ಹಳೆಯ ಪತ್ರಗಳ ಪ್ರತಿ, ಹಿರಿಯರ ಹೇಳಿಕೆ ಇವಿಷ್ಟು ಸೇರಿ ಒಂದು ಪ್ರತಿ ಮನೆಯವರ ಕೈಗೂ ಇನ್ನೊಂದು ಗ್ರಂಥಾಲಯಕ್ಕೂ ಹೋಗಲಿ. ಆಗ ಹಾರೆ ಬೀಳುವ ಹೊತ್ತಿಗೆ ಮನೆ ಹೋದರೂ ಅದರ ಸಂಗತಿ ಉಳಿದಿರುತ್ತದೆ. ಡ್ರೋನಿಗೆ ಕಾಣುವುದು ಮಾಡು ಮಾತ್ರ. ಮಾಡಿನ ಕೆಳಗಿನ ಬಾಳನ್ನು ಅರಿಯಲು ಮನುಷ್ಯರೇ ಹೊಸ್ತಿಲು ದಾಟಿ ಒಳಹೋಗಬೇಕು.