ಎಫ್(ಎಕ್ಸ್ − 2) ಗ್ರಾಫ್ ಬಲಕ್ಕೇ ಏಕೆ ಸರಿಯುತ್ತದೆ? ತುಂಗಭದ್ರಾ ಕಾಲುವೆ ಹೇಳುವ ಗಣಿತ

ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದ ವಿದ್ಯಾರ್ಥಿಗಳು ಮೊದಲ ತಿಂಗಳಲ್ಲೇ ಎದುರಿಸುವ ಪದ ‘ಫಂಕ್ಷನ್’. ಕನ್ನಡ ಪುಸ್ತಕಗಳಲ್ಲಿ ಇದಕ್ಕೆ ಫಲನ, ಉತ್ಪನ್ನ ಎಂಬ ಹೆಸರುಗಳಿವೆ. ಅಮೆರಿಕದ ಶಾಲೆಗಳಲ್ಲಿ ‘ಪ್ರಿಕ್ಯಾಲ್ಕ್ಯುಲಸ್’ ಎಂಬ ಪ್ರತ್ಯೇಕ ವಿಷಯವಾಗಿ ಕಲಿಸುವುದನ್ನು ನಮ್ಮಲ್ಲಿ ಎರಡು ವರ್ಷದ ಪಿಯುಸಿಗೆ ಹಂಚಲಾಗಿದೆ. ಫಂಕ್ಷನ್‌ಗಳನ್ನು ಕೂಡುವುದು, ಕಳೆಯುವುದು, ಗುಣಿಸುವುದು ಮೊದಲ ವರ್ಷದಲ್ಲಿ ಬರುತ್ತದೆ. ಒಂದರೊಳಗೆ ಇನ್ನೊಂದನ್ನು ಜೋಡಿಸುವುದು ಎರಡನೇ ವರ್ಷದಲ್ಲಿ. ನಿಜ ಜೀವನದ ಸಮಸ್ಯೆಗೆ ಸೂತ್ರ ಕಟ್ಟುವ ‘ಗಣಿತೀಯ ಮಾದರಿ’ ಎಂಬ ಭಾಗ ಎನ್‌ಸಿಇಆರ್‌ಟಿ ಪುಸ್ತಕದ ಕೊನೆಯಲ್ಲಿ ಅನುಬಂಧವಾಗಿ ಕುಳಿತಿದೆ. ಅನುಬಂಧವನ್ನು ಓದುವವರು ಕಡಿಮೆ ಎಂಬುದು ಎಲ್ಲರಿಗೂ ಗೊತ್ತು.

ಹೀಗಾಗಿ ‘ಇದೆಲ್ಲ ಸಿಇಟಿಗೆ ಮಾತ್ರ, ಬದುಕಿಗೆ ಬೇಕಾಗಿಲ್ಲ’ ಎಂಬ ನಂಬಿಕೆ ಬೆಳೆದಿದೆ. ಇದು ಎಷ್ಟು ನಿಜ? ರಾಯಚೂರು ಜಿಲ್ಲೆಯಲ್ಲಿ ಇದ್ದುಕೊಂಡು ಈ ಮಾತನ್ನು ಒಪ್ಪುವುದು ಕಷ್ಟ. ಮಾನ್ವಿ ಮತ್ತು ರಾಯಚೂರಿನ ಹೊಲಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬೇಕು. ದೇವದುರ್ಗದ ಹೊಲಗಳಿಗೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬೇಕು. ನೀರು ಯಾವಾಗ ಬರುತ್ತದೆ, ಎಷ್ಟು ಬರುತ್ತದೆ, ಎಷ್ಟು ದಿನ ಬರುತ್ತದೆ ಎಂಬ ಮೂರು ಪ್ರಶ್ನೆಗಳೂ ಫಂಕ್ಷನ್‌ನ ಪ್ರಶ್ನೆಗಳೇ.

ಫಂಕ್ಷನ್ ಎಂದರೇನು?

ಒಂದು ಸಂಖ್ಯೆ ಕೊಟ್ಟರೆ ನಿಶ್ಚಿತವಾಗಿ ಒಂದೇ ಉತ್ತರ ಕೊಡುವ ನಿಯಮವೇ ಫಂಕ್ಷನ್. ‘ಇಂತಹ ದಿನ ಅಣೆಕಟ್ಟೆಯಿಂದ ಕಾಲುವೆಗೆ ಎಷ್ಟು ಕ್ಯೂಸೆಕ್ ನೀರು ಬಿಟ್ಟರು?’ ಎಂದು ಕೇಳಿದರೆ ಆ ದಿನಕ್ಕೆ ಒಂದೇ ಅಂಕಿ ಸಿಗುತ್ತದೆ. ದಿನ ಒಳಗೆ ಹೋಯಿತು, ಕ್ಯೂಸೆಕ್ ಹೊರಗೆ ಬಂತು. ಈ ನಿಯಮಕ್ಕೆ ‘ಅ’ ಎಂದು ಹೆಸರಿಡೋಣ. ಆಗ ಅ(3) ಎಂದರೆ ಮೂರನೇ ದಿನ ಅಣೆಕಟ್ಟೆಯಿಂದ ಬಿಟ್ಟ ನೀರು. ಇಲ್ಲಿ ಆವರಣ ಗುಣಾಕಾರದ ಗುರುತಲ್ಲ. ಹಲವರು ಮೊದಲು ಎಡವುವುದು ಇಲ್ಲಿಯೇ.

ಕಳೆದರೆ ಎಡಕ್ಕೆ ಹೋಗಬೇಕಲ್ಲವೇ?

ಈಗ ವಿದ್ಯಾರ್ಥಿಗಳನ್ನು ಅತಿ ಹೆಚ್ಚು ಗೊಂದಲಕ್ಕೆ ಕೆಡಹುವ ಪ್ರಶ್ನೆಗೆ ಬರೋಣ. ಸಂಖ್ಯಾರೇಖೆಯಲ್ಲಿ 2 ಕಳೆದರೆ ನಾವು ಎಡಕ್ಕೆ ಸರಿಯುತ್ತೇವೆ. ಆದರೆ ಎಫ್(ಎಕ್ಸ್) ಬದಲು ಎಫ್(ಎಕ್ಸ್ − 2) ಬರೆದರೆ ಗ್ರಾಫ್ ಬಲಕ್ಕೆ ಸರಿಯುತ್ತದೆ. ಹೆಚ್ಚಿನವರು ಇದನ್ನು ‘ಒಳಗಿದ್ದರೆ ಉಲ್ಟಾ’ ಎಂದು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಕಾರಣ ಗೊತ್ತಿಲ್ಲದ ಬಾಯಿಪಾಠ ಪರೀಕ್ಷೆಯ ದಿನ ಕೈಕೊಡುತ್ತದೆ.

ಕಾಲುವೆಯನ್ನು ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ನೀರು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿಯುತ್ತದೆ ಎಂದು ಇಟ್ಟುಕೊಂಡರೆ ತುದಿ ಮುಟ್ಟಲು ಸುಮಾರು 63 ಗಂಟೆ, ಅಂದರೆ ಎರಡೂವರೆ ದಿನಕ್ಕಿಂತ ಹೆಚ್ಚು ಬೇಕು. ಲೆಕ್ಕ ಸುಲಭವಾಗಲೆಂದು ಮಾನ್ವಿ ಭಾಗಕ್ಕೆ 2 ದಿನ ಎಂದುಕೊಳ್ಳೋಣ. ಮಾನ್ವಿಯಲ್ಲಿ ಹರಿಯುವ ನೀರನ್ನು ‘ಮ’ ಎಂದು ಕರೆಯೋಣ. ಅಣೆಕಟ್ಟೆಯಲ್ಲಿ ಮೊದಲ ದಿನ 1000, ಎರಡನೇ ದಿನ 2000, ಮೂರನೇ ದಿನ 3000 ಕ್ಯೂಸೆಕ್ ಬಿಟ್ಟರು ಎಂದಿರಲಿ. ದಾರಿಯಲ್ಲಿ ಏನೂ ಸೋರದಿದ್ದರೆ ಮಾನ್ವಿಯಲ್ಲಿ ಐದನೇ ದಿನ ಎಷ್ಟು ನೀರು? ಎರಡು ದಿನ ಹಿಂದೆ, ಮೂರನೇ ದಿನ ಬಿಟ್ಟ 3000.

ಅಂದರೆ ಮ(ದಿನ) = ಅ(ದಿನ − 2).

ಇಲ್ಲಿ ‘−2’ ಎಂಬುದು ಗ್ರಾಫ್‌ಗೆ ‘ಎಡಕ್ಕೆ ಹೋಗು’ ಎಂದು ಹೇಳುತ್ತಿಲ್ಲ. ‘ಇವತ್ತಿನ ಉತ್ತರ ಬೇಕಿದ್ದರೆ ಎರಡು ದಿನ ಹಿಂದಿನ ಪುಟ ತೆರೆ’ ಎಂದು ಹೇಳುತ್ತಿದೆ. ಹಿಂದಿನ ಘಟನೆ ಇವತ್ತು ಕಾಣಿಸಿಕೊಂಡರೆ ಅದು ತಡವಾಗಿ ಬಂದಿದೆ ಎಂದರ್ಥ. ತಡವಾಗಿದ್ದು ಕಾಲದ ಗೆರೆಯಲ್ಲಿ ಬಲಗಡೆಗೆ ಬೀಳುತ್ತದೆ. ಅಷ್ಟೇ ಗುಟ್ಟು.

ಹಿಗ್ಗುವುದು, ಕುಗ್ಗುವುದು

ಕಾಲುವೆಯ ನೀರು ಪೂರ್ತಿಯಾಗಿ ಮುಟ್ಟುವುದಿಲ್ಲ. ಇಂಗುತ್ತದೆ, ಆವಿಯಾಗುತ್ತದೆ, ಮೇಲ್ಭಾಗದ ಹೊಲಗಳಿಗೆ ತಿರುಗುತ್ತದೆ. ಬಿಟ್ಟ ನೀರಿನಲ್ಲಿ 60 ಶೇಕಡಾ ಮಾತ್ರ ಉಳಿಯುತ್ತದೆ ಎಂದುಕೊಂಡರೆ ಸೂತ್ರ ಹೀಗಾಗುತ್ತದೆ: ಮ(ದಿನ) = 0.6 × ಅ(ದಿನ − 2). ಐದನೇ ದಿನ ಈಗ 3000 ಅಲ್ಲ, 1800 ಕ್ಯೂಸೆಕ್. ಹೊರಗಿನ 0.6 ಗ್ರಾಫ್‌ನ ಎತ್ತರವನ್ನು ಕುಗ್ಗಿಸಿತು. ಒಳಗಿನ −2 ಅದನ್ನು ಬಲಕ್ಕೆ ತಳ್ಳಿತು. ಒಳಗೆ ಮಾಡಿದ ಬದಲಾವಣೆ ‘ಯಾವಾಗ’ ಎಂಬುದನ್ನು ಮುಟ್ಟುತ್ತದೆ, ಹೊರಗೆ ಮಾಡಿದ್ದು ‘ಎಷ್ಟು’ ಎಂಬುದನ್ನು ಮುಟ್ಟುತ್ತದೆ. ಈ ಒಂದು ಮಾತು ನೆನಪಿದ್ದರೆ ಅರ್ಧ ಪಾಠ ಮುಗಿದಂತೆ.

ಒಳಗೆ ಗುಣಿಸಿದರೆ? ಮೊಬೈಲ್‌ನಲ್ಲಿ ವಿಡಿಯೋವನ್ನು ‘2 ಎಕ್ಸ್’ ವೇಗದಲ್ಲಿ ನೋಡಿದವರಿಗೆ ಉತ್ತರ ಗೊತ್ತೇ ಇದೆ. ಒಂದು ಗಂಟೆಯ ಪಾಠ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಎರಡರಿಂದ ಗುಣಿಸಿದ್ದೇವೆ, ಆದರೆ ಗ್ರಾಫ್ ಅಗಲದಲ್ಲಿ ಅರ್ಧವಾಗಿದೆ. ಎಫ್(2ಎಕ್ಸ್) ಎಂದರೆ ಇದೇ.

ಕೂಡುವುದು, ಗುಣಿಸುವುದು

ಜಲಾಶಯದ ದಿನದ ಲೆಕ್ಕ ಕೂಡುವ–ಕಳೆಯುವ ಫಂಕ್ಷನ್‌ಗಳ ಲೆಕ್ಕ. ಒಳಹರಿವಿನಿಂದ ಕಾಲುವೆಗಳಿಗೆ ಬಿಟ್ಟದ್ದು, ನದಿಗೆ ಬಿಟ್ಟದ್ದು, ಆವಿಯಾಗಿದ್ದು ಎಲ್ಲವನ್ನೂ ಕಳೆದರೆ ಆ ದಿನ ಸಂಗ್ರಹ ಎಷ್ಟು ಬದಲಾಯಿತು ಎಂದು ಗೊತ್ತಾಗುತ್ತದೆ.

ಗುಣಾಕಾರ ಇನ್ನೂ ಸ್ವಾರಸ್ಯಕರ. ಒಂದು ಉಪಕಾಲುವೆಯ ನೀರು ನಿಗದಿತ ಎಂದುಕೊಳ್ಳಿ. ಭತ್ತ ಹಾಕುವ ಎಕರೆ ಹೆಚ್ಚಿದಂತೆ ಪ್ರತಿ ಎಕರೆಗೆ ಸಿಗುವ ನೀರು, ಅದರ ಜೊತೆ ಇಳುವರಿ ಕಡಿಮೆಯಾಗುತ್ತದೆ. ಪ್ರತಿ ನೂರು ಎಕರೆ ಹೆಚ್ಚಾದಾಗ ಎಕರೆಗೆ 2 ಚೀಲ ಇಳಿಯುತ್ತದೆ, ಆರಂಭ 40 ಚೀಲ ಎಂಬ ಕಾಲ್ಪನಿಕ ಉದಾಹರಣೆ ನೋಡೋಣ. 500 ಎಕರೆಗೆ ಎಕರೆಗೆ 30 ಚೀಲದಂತೆ ಒಟ್ಟು 15,000 ಚೀಲ. 1000 ಎಕರೆಗೆ 20ರಂತೆ 20,000. ಆದರೆ 1500 ಎಕರೆಗೆ 10ರಂತೆ ಮತ್ತೆ 15,000! ಎರಡೂ ಸರಳರೇಖೆಗಳೇ, ಗುಣಿಸಿದಾಗ ಏರಿ ಇಳಿಯುವ ಗುಡ್ಡವಾಯಿತು. ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಬೆಳೆ ಪದ್ಧತಿ ಮೀರಿ ಭತ್ತ ಹಾಕುವುದು, ಕೊನೆ ಭಾಗದ ಮಾನ್ವಿ, ರಾಯಚೂರು ರೈತರಿಗೆ ನೀರು ಮುಟ್ಟದಿರುವುದು ಹಳೆಯ ವಿವಾದ. ‘ಹೆಚ್ಚು ಎಕರೆ ಎಂದರೆ ಹೆಚ್ಚು ಫಸಲು’ ಎಂಬ ಎಣಿಕೆ ಒಂದು ಮಿತಿಯ ನಂತರ ಏಕೆ ಸುಳ್ಳಾಗುತ್ತದೆ ಎಂಬುದನ್ನು ಈ ಗುಡ್ಡ ತೋರಿಸುತ್ತದೆ.

ಜೋಡಣೆಯಲ್ಲಿ ಕ್ರಮ ಮುಖ್ಯ

ಒಂದು ಫಂಕ್ಷನ್‌ನ ಉತ್ತರವನ್ನು ಇನ್ನೊಂದಕ್ಕೆ ಉಣಿಸುವುದೇ ಜೋಡಣೆ. 10,000 ರೂಪಾಯಿಯ ಹತ್ತಿ ಮಾರಿದಿರಿ ಎಂದುಕೊಳ್ಳಿ. ಮೊದಲು 5 ಶೇಕಡಾ ಕಡಿತ, ನಂತರ 200 ರೂಪಾಯಿ ಹಮಾಲಿ ಹಿಡಿದರೆ ಕೈಗೆ 9,300. ಮೊದಲು ಹಮಾಲಿ, ನಂತರ ಶೇಕಡಾ ಕಡಿತ ಎಂದರೆ 9,310. ಅಂಕಿಗಳು ಅವೇ, ಕ್ರಮ ಬೇರೆ, ಉತ್ತರ ಬೇರೆ. ಎಫ್ ಮಾಡಿ ಜಿ ಮಾಡುವುದೂ, ಜಿ ಮಾಡಿ ಎಫ್ ಮಾಡುವುದೂ ಸಾಮಾನ್ಯವಾಗಿ ಒಂದೇ ಅಲ್ಲ ಎಂಬ ಪುಸ್ತಕದ ವಾಕ್ಯ ಹತ್ತು ರೂಪಾಯಿಯಲ್ಲಿ ಅರ್ಥವಾಯಿತು.

‘ಅರ್ಧ ಮಟ್ಟ ಎಂದರೆ ಅರ್ಧ ನೀರು’: ನಿಜವೇ?

ಇದು ತುಂಬಾ ಜನ ನಂಬಿರುವ ತಪ್ಪು ಕಲ್ಪನೆ. ಮಟ್ಟ ಮತ್ತು ಸಂಗ್ರಹದ ನಡುವೆ ಸರಳರೇಖೆ ಇದೆ ಎಂಬುದು ಇದರ ಹಿಂದಿನ ಊಹೆ. ಶಂಕುವಿನಾಕಾರದ, ಕೆಳಗೆ ಚೂಪಾಗಿರುವ ಪಾತ್ರೆಯಲ್ಲಿ ಅರ್ಧ ಎತ್ತರಕ್ಕೆ ನೀರು ತುಂಬಿದರೆ ಅದು ಪೂರ್ತಿ ನೀರಿನ ಎಂಟನೇ ಒಂದು ಭಾಗ ಮಾತ್ರ. ಏಕೆಂದರೆ ಅಲ್ಲಿ ನೀರು ಎತ್ತರದ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಜಲಾಶಯ ಆಗ ತುಂಬಿತ್ತು, ಗರಿಷ್ಠ ಮಟ್ಟ 1,633 ಅಡಿ. ಗೇಟುಗಳ ಎತ್ತರ 20 ಅಡಿ. ಗೇಟಿನ ಬುಡದವರೆಗೆ ನೀರು ಇಳಿಸಬೇಕಾದರೆ ಸುಮಾರು 60 ಟಿಎಂಸಿ ಖಾಲಿ ಮಾಡಬೇಕಾದೀತು ಎಂಬ ಅಂದಾಜು ಕೇಳಿಬಂದಾಗ ನಾಲ್ಕು ಜಿಲ್ಲೆಯ ರೈತರ ಎದೆ ನಡುಗಿತು. ಅಣೆಕಟ್ಟೆಯ ಎತ್ತರ ಸುಮಾರು 49 ಮೀಟರ್, ಗೇಟಿನದು ಕೇವಲ 6 ಮೀಟರ್. ಎಂಟನೇ ಒಂದು ಭಾಗದಷ್ಟು ಎತ್ತರದಲ್ಲಿ ಒಟ್ಟು 105.788 ಟಿಎಂಸಿಯ ಅರ್ಧಕ್ಕಿಂತ ಹೆಚ್ಚು ನೀರು! ಮೇಲಿನ ಒಂದೊಂದು ಅಡಿಗೂ ಸರಾಸರಿ 3 ಟಿಎಂಸಿ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿದ್ದರಿಂದ ಸಾಕಷ್ಟು ನೀರು ಉಳಿಯಿತು.

ನಮ್ಮ ಶಂಕುವಿನ ಮಾದರಿ ಇಲ್ಲಿ ಏನು ಹೇಳುತ್ತದೆ? ಮೇಲಿನ ಎಂಟನೇ ಒಂದು ಭಾಗದಲ್ಲಿ ಸುಮಾರು ಮೂರನೇ ಒಂದರಷ್ಟು ನೀರು ಇರಬೇಕು ಎನ್ನುತ್ತದೆ. ಸರಳರೇಖೆಗಿಂತ ಇದು ಉತ್ತಮ, ಆದರೂ ಸಾಲದು. ಕಾರಣ, ಕಣಿವೆ ಮೇಲೆ ಬಂದಂತೆ ತಟ್ಟೆಯ ಹಾಗೆ ಹರಡಿಕೊಂಡಿದೆ, ತಳದಲ್ಲಿ ಹೂಳು ಕುಳಿತಿದೆ, ಎತ್ತರವನ್ನು ನಾವು ತಳಪಾಯದಿಂದ ಅಳೆದಿದ್ದೇವೆ. ಮಾದರಿ ಕಟ್ಟುವುದು ಎಂದರೆ ಇದೇ ಕೆಲಸ: ಊಹಿಸು, ನಿಜದ ಅಂಕಿಗೆ ಹಿಡಿದು ನೋಡು, ಎಲ್ಲಿ ತಪ್ಪಿತು ಎಂದು ಹುಡುಕು, ತಿದ್ದು.

ಗೆರೆ ಎಳೆದರೆ ಭವಿಷ್ಯ ತಿಳಿಯುತ್ತದೆಯೇ?

1953ರ ಹೊತ್ತಿಗೆ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಇತ್ತು. ಈಗ 105.788 ಎಂದು ಹೇಳಲಾಗುತ್ತದೆ. ಆರು ದಶಕದಲ್ಲಿ 27 ಟಿಎಂಸಿ ಎಂದರೆ ವರ್ಷಕ್ಕೆ ಸುಮಾರು 0.45. ಗೆರೆಯನ್ನು ಹಾಗೇ ಎಳೆದರೆ ನೂರು ವರ್ಷ ತುಂಬುವಾಗ 88 ಟಿಎಂಸಿ ಉಳಿಯುತ್ತದೆ. ಆದರೆ ಇದಕ್ಕೂ ಮೊದಲಿನ ಸಮೀಕ್ಷೆಯೊಂದರ ಪ್ರಕಾರ ಸಾಮರ್ಥ್ಯವನ್ನು 100.855 ಟಿಎಂಸಿ ಎಂದು ಲೆಕ್ಕ ಹಿಡಿಯಲಾಗಿತ್ತು. ಹೂಳು ತಾನಾಗಿ ಎದ್ದು ಹೋಗುವುದಿಲ್ಲ. ಅಂದರೆ ಅಳತೆಗೂ ತನ್ನದೇ ಏರುಪೇರು ಇದೆ. ಎರಡು ಚುಕ್ಕೆಗಳ ಮೂಲಕ ಯಾವಾಗಲೂ ಒಂದು ಸರಳರೇಖೆ ಎಳೆಯಬಹುದು. ಮಾದರಿಯ ನಿಜವಾದ ಪರೀಕ್ಷೆ ಮೂರನೇ ಚುಕ್ಕೆಯಲ್ಲಿ.

ಎಲ್ಲ ಮಾದರಿಯೂ ನುಣುಪಾದ ಗೆರೆಯಲ್ಲ ಎಂಬುದನ್ನೂ ಗಮನಿಸಿ. ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಲ್ಲಿ ಗ್ರಾಫ್ ಮೆಟ್ಟಿಲಿನಂತೆ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ.

ತೊಡಕು ಎಲ್ಲಿದೆ?

ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದ ದೇವದುರ್ಗ ಅಥವಾ ಮಾನ್ವಿಯ ವಿದ್ಯಾರ್ಥಿ ಪಿಯು ವಿಜ್ಞಾನಕ್ಕೆ ಬಂದಾಗ ಪಾಠ ಬಹುಪಾಲು ಇಂಗ್ಲಿಷ್‌ಗೆ ತಿರುಗುತ್ತದೆ. ಭಾಷೆಯೂ ಹೊಸದು, ಗುರುತುಗಳೂ ಹೊಸವು. ಎರಡು ಹೊರೆ ಒಟ್ಟಿಗೆ ಬಿದ್ದಾಗ ‘ನನಗೆ ಗಣಿತದ ತಲೆ ಇಲ್ಲ’ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಆದರೆ ಬಿಟ್ಟ ನೀರು ಎರಡು ದಿನ ತಡವಾಗಿ, ಕಡಿಮೆಯಾಗಿ ಬರುತ್ತದೆ ಎಂಬುದು ಕಾಲುವೆ ಪಕ್ಕದ ಮನೆಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಅವರಿಗೆ ಗೊತ್ತಿರುವುದನ್ನೇ ಗುರುತಿನಲ್ಲಿ ಬರೆಯುವುದನ್ನು ಕಲಿಸಬೇಕಿದೆ.

ಮನೆಯಲ್ಲಿ ಮಾಡಬಹುದಾದ ಅಭ್ಯಾಸ ಸರಳ. ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟ ಮತ್ತು ಸಂಗ್ರಹವನ್ನು ಒಂದು ತಿಂಗಳು ಬರೆದಿಡಿ. ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡಿ. ಒಂದು ಅಡಿ ಏರಿದಾಗ ಎಷ್ಟು ಟಿಎಂಸಿ ಹೆಚ್ಚಿತು ಎಂದು ಪ್ರತಿ ಸಲ ಲೆಕ್ಕ ಹಾಕಿ. ಆ ಅಂಕಿ ಬದಲಾಗುತ್ತಿರುವುದು ಕಂಡಾಗ ನೀವು ಕ್ಯಾಲ್ಕ್ಯುಲಸ್‌ನ ಬಾಗಿಲಿನಲ್ಲೇ ನಿಂತಿರುತ್ತೀರಿ. 2025ರಲ್ಲಿ ಗೇಟುಗಳ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದಾಗ ಎಡದಂಡೆಯ ಮನೆಮನೆಯಲ್ಲೂ ಕೇಳಿದ ಪ್ರಶ್ನೆ ‘ಎರಡನೇ ಬೆಳೆಗೆ ನೀರು ಸಾಕೇ?’ ಎಂಬುದು. ಅದಕ್ಕೆ ಉತ್ತರ ಹುಡುಕಲು ಬೇಕಾದ ಕೂಡುವ, ಕಳೆಯುವ, ಸರಿಸುವ, ಜೋಡಿಸುವ ಲೆಕ್ಕ ಪಿಯುಸಿಯ ಫಂಕ್ಷನ್ ಪಾಠದಲ್ಲೇ ಇದೆ.