ಪ್ರಶಸ್ತಿಯ ಮುದ್ರೆಯೂ ಮಗುವಿನ ಓದೂ

ಮೇಡ್ಲೇರಿಯ ಕುಟುಂಬವೊಂದು ಮಗುವಿಗೆ ಪಠ್ಯದಾಚೆಯ ಪುಸ್ತಕವೊಂದನ್ನು ಕೊಳ್ಳಬೇಕೆಂದರೆ ರಾಣೆಬೆನ್ನೂರಿನ ಬಸ್ಸು ಹತ್ತಬೇಕು. ಅಲ್ಲಿಯೂ ಕಣ್ಣಿಗೆ ಬೀಳುವುದು ಬಹುಪಾಲು ಗೈಡು, ನೋಟ್‌ಪುಸ್ತಕ, ಪ್ರಶ್ನೋತ್ತರ ಮಾಲಿಕೆಗಳೇ. ಕೂಲಿ ಮಾಡುವ ತಾಯ್ತಂದೆಗಳಿಗೆ ಒಂದು ಕಥೆಪುಸ್ತಕದ ಬೆಲೆಯೆಂದರೆ ದಿನದ ದುಡಿಮೆಯ ಒಂದು ಪಾಲು. ವರ್ಷಕ್ಕೆ ಒಂದೋ ಎರಡೋ ಪುಸ್ತಕ ಕೊಳ್ಳಬಲ್ಲ ಮನೆಯಲ್ಲಿ ಆಯ್ಕೆ ತಪ್ಪಿದರೆ ಹಣದೊಂದಿಗೆ ಮಗುವಿನ ಆಸಕ್ತಿಯೂ ಹೋಗುತ್ತದೆ. ಈ ವರ್ಷದ ಬೇಸರ ಮುಂದಿನ ವರ್ಷದ ಪುಸ್ತಕವನ್ನೂ ತೆರೆಯಗೊಡುವುದಿಲ್ಲ. ಆದ್ದರಿಂದಲೇ, ಪ್ರಶಸ್ತಿ ಬಂದ ಪುಸ್ತಕ ಯಾವುದು, ಶಿಫಾರಸು ಮಾಡಿದ ಪಟ್ಟಿ ಎಲ್ಲಾದರೂ ಇದೆಯೇ ಎಂದು ಪಾಲಕರು ಕೇಳುತ್ತಾರೆ. ಧರ್ಮೋಪದೇಶ ತರಗತಿಯ ವಾರ್ಷಿಕ ಬಹುಮಾನಗಳಿಗೆ ಪುಸ್ತಕ ತರುವ ಉಪದೇಶಿಗಳೂ, ಪ್ರಥಮ ಪರಮಪ್ರಸಾದದ ಉಡುಗೊರೆಗಾಗಿ ಹುಡುಕುವ ಬಂಧುಗಳೂ ಕೇಳುವುದು ಇದನ್ನೇ. ಪಟ್ಟಿಯನ್ನು ಅವಶ್ಯವಾಗಿ ನೋಡಿರಿ, ಆದರೆ ನಿಮ್ಮ ಹೊಣೆಯನ್ನು ಪಟ್ಟಿಯ ಕೈಗೆ ಒಪ್ಪಿಸಬೇಡಿರಿ ಎಂದು ನಾವು ಹೇಳಬಯಸುತ್ತೇವೆ.

ಪ್ರಶಸ್ತಿಯೊಂದು ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿದರೆ ಈ ಮಾತು ವಿಶದವಾದೀತು. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಬಾಲ ಸಾಹಿತ್ಯ ಪುರಸ್ಕಾರವನ್ನು ನೀಡುತ್ತ ಬಂದಿದೆ. ಅಕಾಡೆಮಿಯು ಮಾನ್ಯ ಮಾಡಿರುವ 24 ಭಾಷೆಗಳಿಗೆ ಸಾಮಾನ್ಯವಾಗಿ ವರ್ಷಕ್ಕೆ ಒಂದೊಂದು ಪುರಸ್ಕಾರ. ಕನ್ನಡದಲ್ಲಿ ಮೊದಲ ವರ್ಷ ಅದು ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ಗೆ ಸಂದಿತು. 2021ರಲ್ಲಿ ಉತ್ತರ ಕರ್ನಾಟಕದವರೇ ಆದ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಈ ಗೌರವವನ್ನು ಪಡೆದವು. ಇಂಥ ಹೆಸರುಗಳು ಪತ್ರಿಕೆಯಲ್ಲಿ ಬಂದಾಗ ಕತ್ತರಿಸಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಅಂಗಡಿಯವನಿಗೆ ಹೆಸರು ಹೇಳಿ ತರಿಸಲಾದರೂ ಅದು ನೆರವಾಗುತ್ತದೆ. ಕನ್ನಡದಲ್ಲಿ ಮಕ್ಕಳ ಪುಸ್ತಕಗಳು ಸಾಮಾನ್ಯವಾಗಿ ಸಾವಿರ ಪ್ರತಿಗಳ ಲೆಕ್ಕದಲ್ಲಿ ಅಚ್ಚಾಗುವುದರಿಂದ ಕೇಳದೆ ಅವು ನಮ್ಮ ಸೀಮೆಗೆ ತಾವಾಗಿ ಬರುವುದಿಲ್ಲ.

ಆದರೆ ಈ ಪಟ್ಟಿಗೆ ತನ್ನದೇ ಕಟ್ಟುಗಳಿವೆ. ಒಂದು ಭಾಷೆಗೆ ಒಂದೇ ಪುರಸ್ಕಾರವೆಂದ ಮೇಲೆ ಅದೇ ವರ್ಷದ ಎರಡನೆಯ ಉತ್ತಮ ಕೃತಿ ಹೊರಗುಳಿಯಲೇಬೇಕು. ಪರಿಶೀಲನೆಗೆ ಬರುವುದು ಈಚಿನ ಕೆಲವು ವರ್ಷಗಳ ಪ್ರಕಟಣೆಗಳು ಮಾತ್ರ. ಕೆಲವೊಮ್ಮೆ ಒಂದು ಕೃತಿಗಲ್ಲದೆ ಲೇಖಕರ ಒಟ್ಟು ಕೊಡುಗೆಗೆ ಗೌರವ ಸಲ್ಲುವುದೂ ಉಂಟು. ಹಾಗಾದಾಗ ಅವರ ಯಾವ ಪುಸ್ತಕವನ್ನು ಕೊಳ್ಳಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಪಂಜೆ ಮಂಗೇಶರಾಯರು 1937ರಲ್ಲಿಯೇ ತೀರಿಕೊಂಡರು. ಶಿವರಾಮ ಕಾರಂತರು ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದದ್ದು 1936ರಲ್ಲಿ. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು ನಮ್ಮ ಅಜ್ಜಿಯರಿಗೂ ಬಾಯಿಪಾಠ. ಪ್ರಶಸ್ತಿಯ ಪಟ್ಟಿಯನ್ನಷ್ಟೇ ಹಿಡಿದು ಹೊರಟ ಪಾಲಕನಿಗೆ ಇವರಾರೂ ಎದುರಾಗುವುದಿಲ್ಲ. ಮೇಲಾಗಿ ತೀರ್ಪುಗಾರರೆಲ್ಲ ವಯಸ್ಕರು. ಅವರು ಭಾಷೆಯನ್ನೂ ಕಟ್ಟುವಿಕೆಯನ್ನೂ ಹೊಸತನವನ್ನೂ ಅಳೆಯಬಲ್ಲರೇ ಹೊರತು, ನಾಲ್ಕನೆಯ ತರಗತಿಯಲ್ಲಿದ್ದರೂ ಇನ್ನೂ ಅಕ್ಷರ ಕೂಡಿಸಿ ಓದುವ ನಿಮ್ಮ ಮಗ ಮೂರನೆಯ ಪುಟ ದಾಟುವನೋ ಇಲ್ಲವೋ ಎಂಬುದನ್ನು ಹೇಳಲಾರರು.

ಅಮೆರಿಕದ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಅಲ್ಲಿನ ನ್ಯೂಬೆರಿ ಪದಕವು 1922ರಿಂದ ನಡೆದುಬಂದ, ಮಕ್ಕಳ ಪುಸ್ತಕಗಳಿಗೆಂದೇ ಮೀಸಲಾದ ಹಳೆಯ ಪ್ರಶಸ್ತಿ. 1953ರಲ್ಲಿ ಅದು ‘ಸೀಕ್ರೆಟ್ ಆಫ್ ದಿ ಆಂಡಿಸ್’ ಎಂಬ ಕೃತಿಗೆ ಹೋಯಿತು. ಹಂದಿಮರಿಯೊಂದರ ಪ್ರಾಣ ಉಳಿಸುವ ಜೇಡನ ಕಥೆಯಾದ ಇ.ಬಿ. ವೈಟ್ ಅವರ ‘ಷಾರ್ಲಟ್ಸ್ ವೆಬ್’ಗೆ ಆ ವರ್ಷ ದೊರೆತದ್ದು ಎರಡನೆಯ ಸಾಲಿನ ಗೌರವ ಮಾತ್ರ. ಎಪ್ಪತ್ತು ವರ್ಷಗಳ ಮೇಲೆ ಲೋಕದ ಮಕ್ಕಳು ಓದುತ್ತಿರುವುದು ಈ ಎರಡನೆಯದನ್ನು. ತೀರ್ಪುಗಾರರು ಅಯೋಗ್ಯರಾಗಿದ್ದರೆಂದು ಇದರ ಅರ್ಥವಲ್ಲ. ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರು ಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಚೀಲದ ಮೇಲಿನ ಚೀಟಿ ಮೊಳಕೆಯ ಪ್ರಮಾಣವನ್ನು ಹೇಳುತ್ತದೆ; ಹೊಲ ಎರೆಯೋ ಮಸಾರಿಯೋ ಎಂಬುದನ್ನು ಬಿತ್ತುವವನೇ ಬಲ್ಲ.

ಪಟ್ಟಿಗಳ ವಿಷಯದಲ್ಲಿ ಕಥೋಲಿಕರಾದ ನಮಗೆ ವಿಶೇಷವಾದೊಂದು ಅನುಭವವಿದೆ. ನಿಷಿದ್ಧ ಗ್ರಂಥಗಳ ಪಟ್ಟಿಯೊಂದನ್ನು ಧರ್ಮಸಭೆಯು 1559ರಿಂದ ನಾಲ್ಕು ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿತ್ತು. ವಿಕ್ಟರ್ ಹ್ಯೂಗೋನ ‘ಲೆ ಮಿಸರಾಬ್ಲ್’ ಕೂಡ 1864ರಿಂದ 1959ರವರೆಗೆ ಅದರಲ್ಲಿತ್ತು. ಕದ್ದು ಸಿಕ್ಕಿಬಿದ್ದವನನ್ನು ಕ್ಷಮಿಸಿ, ಕದ್ದ ಬೆಳ್ಳಿಯನ್ನು ಅವನಿಗೇ ಕೊಟ್ಟು ಕಳುಹಿಸುವ ಧರ್ಮಾಧ್ಯಕ್ಷನೊಬ್ಬನ ಚಿತ್ರ ಬರುವ ಕಾದಂಬರಿ ಅದು. ಕ್ರೈಸ್ತ ಕ್ಷಮೆಯನ್ನು ಮನಗಾಣಿಸಲು ಅದಕ್ಕಿಂತ ಮಿಗಿಲಾದ ಕಥೆಯನ್ನು ನಮ್ಮ ಯಾವ ಉಪದೇಶಿ ಬಲ್ಲರು? 1966ರಲ್ಲಿ, ಆರನೆಯ ಪೌಲರ ಕಾಲದಲ್ಲಿ, ಆ ಪಟ್ಟಿಯ ಶಾಸನಬಲವನ್ನು ಧರ್ಮಸಭೆಯೇ ತೆಗೆದುಹಾಕಿ, ಏನನ್ನು ಓದಬೇಕೆಂಬ ವಿವೇಚನೆಯನ್ನು ವಿಶ್ವಾಸಿಗಳ ಪ್ರಬುದ್ಧ ಮನಸ್ಸಾಕ್ಷಿಗೆ ಬಿಟ್ಟಿತು. ಅದರ ಹಿಂದಿನ ವರ್ಷವೇ, 1965ರ ಅಕ್ಟೋಬರಿನಲ್ಲಿ, ದ್ವಿತೀಯ ವ್ಯಾಟಿಕನ್ ಮಹಾಸಭೆಯು ಶಿಕ್ಷಣವನ್ನು ಕುರಿತ ತನ್ನ ಘೋಷಣೆಯಲ್ಲಿ ಮಕ್ಕಳ ಮೊದಲ ಮತ್ತು ಪ್ರಮುಖ ಶಿಕ್ಷಕರು ತಾಯ್ತಂದೆಗಳೇ ಎಂದು ಸಾರಿತ್ತು. ಈ ಎರಡನ್ನೂ ಜೊತೆಗಿಟ್ಟು ನೋಡಬೇಕು. ಧರ್ಮಸಭೆಯೇ ತನ್ನ ಪಟ್ಟಿಯನ್ನು ಬದಿಗಿಟ್ಟು ನಮಗೊಪ್ಪಿಸಿದ ಹೊಣೆಯನ್ನು ನಾವು ಬೇರೊಂದು ಸಮಿತಿಗೋ ಶಾಲೆಯ ರಜಾ ಪಟ್ಟಿಗೋ ವರ್ಗಾಯಿಸಿ ಕೈತೊಳೆದುಕೊಳ್ಳುವುದು ತರವೇ?

ಇನ್ನೂ ಕೆಲವರು ಧರ್ಮಾಧ್ಯಕ್ಷರ ಮುದ್ರಣಾನುಮತಿ ಇರುವ ಪುಸ್ತಕವನ್ನಷ್ಟೇ ಮಗುವಿನ ಕೈಗೆ ಕೊಡುತ್ತಾರೆ. ಧರ್ಮೋಪದೇಶದ ಗ್ರಂಥಗಳಿಗೆ ಆ ಅನುಮತಿ ಬೇಕೇ ಬೇಕು. 1983ರ ಧರ್ಮಸಭೆಯ ಸಂಹಿತೆ ಹಾಗೆಂದು ವಿಧಿಸಿದೆ. ಕಥೆಪುಸ್ತಕಕ್ಕೆ ಆ ವಿಧಿ ಇಲ್ಲ. ಅನುಮತಿ ಇದ್ದಲ್ಲಿಯೂ ಅದು ವಿಶ್ವಾಸಕ್ಕೆ ಬಾಧಕವಿಲ್ಲ ಎಂಬುದನ್ನು ಸೂಚಿಸುತ್ತದೆಯೇ ಹೊರತು ಬರವಣಿಗೆ ಸೊಗಸಾಗಿದೆ ಎಂದಲ್ಲ. ಸಂತರ ಚರಿತ್ರೆಗಳೆಂದು ಅಚ್ಚಾಗುವ ಕೆಲವು ಕಿರುಹೊತ್ತಗೆಗಳ ಭಾಷೆ ಎಷ್ಟು ಒಣಗಿರುತ್ತದೆಂದರೆ, ಸಂತ ಫ್ರಾನ್ಸಿಸ್ ಅಸಿಸಿಯಂಥ ಹಾಡುಗಾರ ಕೂಡ ಅವುಗಳಲ್ಲಿ ಉಪನ್ಯಾಸ ಕೊಡುವವನಂತೆ ಕಾಣುತ್ತಾನೆ! ಮಗು ಅದನ್ನು ಮುಚ್ಚಿಟ್ಟರೆ ಭಕ್ತಿಯ ಕೊರತೆಯೆಂದು ಗದರಿಸುವುದು ಅನ್ಯಾಯ.

ದಿವಂಗತ ಜಗದ್ಗುರು ಫ್ರಾನ್ಸಿಸ್ ಅವರು 2024ರ ಜುಲೈಯಲ್ಲಿ ಸಾಹಿತ್ಯದ ಓದನ್ನು ಕುರಿತು ಬರೆದ ಪತ್ರ ಈ ದೃಷ್ಟಿಯಿಂದ ನಮ್ಮ ಪ್ರತಿಯೊಂದು ಮನೆಯೂ ತಿಳಿದಿರಬೇಕಾದದ್ದು. ಬೇರೆಯವರು ಮುಖ್ಯವೆಂದರೆಂಬ ಕಾರಣಕ್ಕೆ ಕರ್ತವ್ಯವೆಂಬಂತೆ ಓದುವುದರಿಂದ ವಿಪರೀತ ಫಲವೇ ಉಂಟಾಗುತ್ತದೆಂದು ಅವರು ಅದರಲ್ಲಿ ಎಚ್ಚರಿಸಿದ್ದಾರೆ. ಅವರು 1964–65ರಲ್ಲಿ ಅರ್ಜೆಂಟೀನಾದ ಸಾಂತಾ ಫೆ ನಗರದ ಯೇಸುಸಭೆಯ ಶಾಲೆಯೊಂದರಲ್ಲಿ ಸಾಹಿತ್ಯ ಬೋಧಿಸುತ್ತಿದ್ದರು. ಸ್ಪೇನಿನ ಪ್ರಾಚೀನ ವೀರಕಾವ್ಯ ‘ಎಲ್ ಸಿದ್’ ಪಠ್ಯದಲ್ಲಿತ್ತು. ಹುಡುಗರಿಗೆ ಬೇಕಾಗಿದ್ದುದು ಆಧುನಿಕ ಕವಿ ಗಾರ್ಸಿಯಾ ಲೋರ್ಕಾ. ಅವರು ವೀರಕಾವ್ಯವನ್ನು ಮನೆಯಲ್ಲಿ ಓದಿಕೊಳ್ಳಲು ಹೇಳಿ, ತರಗತಿಯಲ್ಲಿ ಹುಡುಗರು ಮೆಚ್ಚಿದ ಲೇಖಕರನ್ನೇ ತೆಗೆದುಕೊಂಡರಂತೆ. ಪಠ್ಯವನ್ನು ಕೈಬಿಡಲೂ ಇಲ್ಲ, ಮಕ್ಕಳ ಒಲವನ್ನು ತುಳಿಯಲೂ ಇಲ್ಲ.

ಆಂಗ್ಲ ಮಾಧ್ಯಮ ಶಾಲೆಗಳು ಕೊಡುವ ಓದಿನ ಪಟ್ಟಿಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಬರಹ ಅಪೂರ್ಣ. ಅವುಗಳಲ್ಲಿ ಕನ್ನಡದ ಒಂದು ಹೆಸರನ್ನೂ ಕಾಣದಿರುವುದು ಅಪರೂಪವೇನಲ್ಲ. ಮನೆಯಲ್ಲಿ ಕನ್ನಡವಾಡುವ, ಕನ್ನಡದಲ್ಲಿಯೇ ಬಲಿಪೂಜೆಯಲ್ಲಿ ಭಾಗವಹಿಸುವ ಮಗುವಿಗೆ ತನ್ನ ಹೊಲ, ತನ್ನ ಹೊಳೆ, ತನ್ನ ಮಾತು ಪುಸ್ತಕದಲ್ಲಿ ಬರಲು ಯೋಗ್ಯವಲ್ಲವೆಂಬ ಭಾವನೆ ಇಂಥ ಪಟ್ಟಿಯಿಂದಲೇ ಮೊಳೆಯುತ್ತದೆ. ಸಮಿತಿಯೊಂದು ಒಳ್ಳೆಯ ಪುಸ್ತಕವನ್ನು ತಪ್ಪಿಸಿದರೆ ಆಗುವ ನಷ್ಟಕ್ಕಿಂತ ಇದು ದೊಡ್ಡದೆಂದು ನಾವು ಎಣಿಸುತ್ತೇವೆ.

ಕೊಳ್ಳುವ ಮುನ್ನ ಓದಿ ನೋಡಲು ಹಳ್ಳಿಯಲ್ಲಿಯೇ ದಾರಿಯಿದೆ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ಈಗ ಅವಕ್ಕೆ ಅರಿವು ಕೇಂದ್ರಗಳೆಂದು ಹೆಸರು. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ. ಪತ್ರಿಕೆಯಿಂದ ಕತ್ತರಿಸಿಟ್ಟ ಹೆಸರುಗಳನ್ನು ಮೊದಲು ಅಲ್ಲಿ ಕೇಳಬೇಕು. ಮಗುವನ್ನು ಜೊತೆಗೆ ಕರೆದೊಯ್ದು ಎರಡು ಪುಟ ಗಟ್ಟಿಯಾಗಿ ಓದಿಸಿ ಕೇಳಬೇಕು. ಎಲ್ಲಿ ತಡವರಿಸುತ್ತದೆ, ಎಲ್ಲಿ ನಗುತ್ತದೆ ಎಂಬುದು ಆಗಲೇ ತಿಳಿಯುತ್ತದೆ. ಮೂರನೆಯ ಪುಟವನ್ನು ತಾನೇ ತಿರುವಿದ ಪುಸ್ತಕಕ್ಕೆ ಹಣ ಕೊಡಬಹುದು.

ನಮ್ಮ ಧರ್ಮಕೇಂದ್ರಗಳಲ್ಲಿ ಬಹುಮಾನ ವಿತರಣೆಯ ದಿನ ಬಣ್ಣದ ಕಾಗದದಲ್ಲಿ ಸುತ್ತಿದ ಪುಸ್ತಕವನ್ನು, ಒಳಗೇನಿದೆಯೆಂದು ಮಗುವಿಗೆ ತಿಳಿಯದಂತೆ, ಕೈಗಿಡುವ ಪದ್ಧತಿಯಿದೆ. ಬರುವ ವರ್ಷ ಅದನ್ನು ಬದಲಿಸಿ, ಮೇಜಿನ ಮೇಲೆ ಹದಿನೈದು ಇಪ್ಪತ್ತು ಪುಸ್ತಕಗಳನ್ನು ಹರಡಿಡಬಾರದೇಕೆ? ಪುರಸ್ಕೃತ ಕೃತಿಗಳಿರಲಿ, ಪಂಜೆಯವರೂ ಕಾರಂತರೂ ಇರಲಿ, ಚೆನ್ನಾಗಿ ಬರೆದ ಎರಡು ಸಂತಚರಿತ್ರೆಗಳೂ ಇರಲಿ. ಹೆಸರು ಕರೆದಾಗ ಮಗುವೇ ಬಂದು ಅರ್ಧ ನಿಮಿಷ ನಿಂತು ನೋಡಿ ಒಂದನ್ನು ಎತ್ತಿಕೊಳ್ಳಲಿ. ಕಾರ್ಯಕ್ರಮ ಕಾಲು ಗಂಟೆ ತಡವಾದರೆ ಗುರುಗಳು ಸೈರಿಸಿಕೊಂಡಾರು.